ನೀಲಿ ಪೆನ್ಸಿಲ್ಲಿನ ಅಂಚು

ಮಾರ್ಚ್ 3, ಸೋಮವಾರ

ಇಂದು ಬೆಳಿಗ್ಗೆ ಹಳೆಯ ನೂಲಿನ ಗಿರಣಿಯ ಮುಂದೆ ಆರು ಲಾರಿಗಳು ಬಂದು ನಿಂತವು. ಒಂದೊಂದರ ಮೈಮೇಲೂ ಆಳೆತ್ತರದ ಹಸಿರು ಅಕ್ಷರ: ‘ನಾವು ಮತ್ತು ನೆಲ: ಸಂಚಾರಿ ಡಿಜಿಟಲ್ ಕಲಾಪ್ರದರ್ಶನ’. ಗೋಡೆಯ ಮೇಲೆ ಕಾಡು ಮೂಡುತ್ತದಂತೆ, ನೆಲದ ಮೇಲೆ ಬೆಳಕಿನ ಹೊಳೆ ಹರಿಯುತ್ತದಂತೆ. ಹೊಗೆ ಉಗುಳಿಕೊಂಡು ಬಂದ ಆರು ಲಾರಿಗಳು ನಮಗೆ ಗಾಳಿಯ ಮಹತ್ವ ಕಲಿಸುತ್ತವಂತೆ! ಪ್ಲಗ್ ಕಿತ್ತರೆ ಸಾಯುವ ಕಾಡು!

ಆ ಗಿರಣಿಯ ಹಿಂಗೋಡೆಯಾಚೆಗೇ ನಿಜವಾದ ಜೌಗು ಇದೆ. ಜೊಂಡು ಇದೆ, ಕಪ್ಪೆ ಇದೆ, ಕೊಕ್ಕರೆ ಇದೆ. ಈ ತಿಂಗಳ 28ರಂದು ಪುರಸಭೆಯ ಸದಸ್ಯರು ಕೈಯೆತ್ತಿದರೆ ಅದರ ಮೇಲೆ ಮಣ್ಣು ಸುರಿದು ಲಾರಿ ನಿಲ್ದಾಣ ಮಾಡುತ್ತಾರೆ. ಪುರಸಭೆಯ ಕಾಗದಪತ್ರಗಳಲ್ಲಿ ಅದಕ್ಕೆ ಜೌಗು ಎಂಬ ಹೆಸರೇ ಇಲ್ಲ. ‘ಖಾಲಿ ಜಾಗ’!

‘ಜೌಗಿನ ಪರವಾಗಿ ಹನ್ನೆರಡು ವಾದಗಳು’ ಎಂಬ ನನ್ನ ಕರಪತ್ರ ಹದಿನಾರು ಪುಟದ್ದು. ನಾನೂರು ಪ್ರತಿ ಅಚ್ಚಾಗಿ ಎರಡು ತಿಂಗಳಾಯಿತು. ಖರ್ಚಾದದ್ದು ಮೂವತ್ತೊಂದು. ಅದರಲ್ಲಿ ಮೂರನ್ನು ಮನೆಯಲ್ಲೇ ಬಟ್ಟೆ ಹೊಲಿಯುವ ಅತ್ತೆ ಕಾಲರಿನ ಅಳತೆ ಕತ್ತರಿಸಲು ತೆಗೆದುಕೊಂಡರು. ಹದಿನೈದನೆಯ ವಯಸ್ಸಿನಿಂದ ಗುಜರಿ ಅಂಗಡಿಯಿಂದ ತಂದು ಒಂದು ಪೆಟ್ಟಿಗೆ ತುಂಬ ಹಳೆಯ ಚಳವಳಿಗಳ ಕರಪತ್ರ ಓದಿದ್ದೇನೆ. ಅವುಗಳಲ್ಲಿ ಎಲ್ಲಿಯೂ ಕಾಲರಿನ ಪ್ರಸ್ತಾಪವಿಲ್ಲ.

ಮನೆಯಲ್ಲಿ ಎಂದಿನ ರಗಳೆ. ಅಪ್ಪ ನಿನ್ನೆ ವಾಕಿಂಗ್ ಹೋಗಿ ಬಂದು ಒದ್ದೆ ಷೂ ಬಾಗಿಲಲ್ಲೇ ಬಿಟ್ಟಿದ್ದಾರೆ. ಅಮ್ಮ ಹೋದ ಮೇಲೆ ಮನೆಯ ಆಡಳಿತವೆಲ್ಲ ಅಪ್ಪನ ಅಕ್ಕನದು, ಅಂದರೆ ನಮ್ಮ ಅತ್ತೆಯದು. “ಪ್ರತಿ ಮಾರ್ಚಿಗೂ ಇದೇ ಗೋಳು ಕಣೇ. ನಿಮ್ಮಪ್ಪ ನಡೆಯೋಕೆ ಹೋಗ್ತಾನೋ ಈಜೋಕೆ ಹೋಗ್ತಾನೋ?” ಅಪ್ಪ ನಕ್ಕರು. ಅವರು ಪುರಸಭೆಯ ನಕ್ಷೆಗಾರ. ಇಡೀ ಆಯುಷ್ಯ ಗೆರೆ ಎಳೆದ ಮನುಷ್ಯ. ಅವರು ಒಂದು ಪಕ್ಷ ಹಿಡಿದದ್ದನ್ನು ನಾನಂತೂ ಕಂಡಿಲ್ಲ.

ಮಾರ್ಚ್ 6, ಗುರುವಾರ

ಶತ್ರುವಿನ ಕೋಟೆಯೊಳಗೆ ಕಾಲಿಟ್ಟಿದ್ದೇನೆ. ಪ್ರದರ್ಶನಕ್ಕೆ ಸ್ಥಳೀಯ ಸ್ವಯಂಸೇವಕರು ಬೇಕಿತ್ತು. ಒಳಗಿದ್ದುಕೊಂಡೇ ಕರಪತ್ರ ಹಂಚುವುದು ನನ್ನ ಯೋಜನೆ.

ನನ್ನನ್ನು ಪರೀಕ್ಷಿಸಿದ್ದು ಅವರ ತಂತ್ರಜ್ಞೆ. ಕೊರಳಲ್ಲಿ ಸದಾ ವೈರಿನ ಸುರುಳಿ ನೇತಾಡುವುದರಿಂದ ಎಲ್ಲರಿಗೂ ಆಕೆ ವೈರಕ್ಕ.

“ಏನ್ ಕೆಲಸ ಬರುತ್ತೆ?”

“ಜನರನ್ನು ಎಚ್ಚರಿಸುವುದು.”

“ಒಳ್ಳೇದು. ಕೇಬಲ್ ಎಡವಬೇಡಿ ಅಂತ ಎಚ್ಚರಿಸು. ಸುಮ್ನೆ ನಿಂತ್ಕೊಳ್ಳೋಕೆ ಬರುತ್ತಾ?”

ಇದೂ ಒಂದು ವಿದ್ಯೆಯೇ? ಬರುತ್ತದೆ ಎಂದೆ.

ಮಾರ್ಚ್ 9, ಭಾನುವಾರ

ನಿಂತುಕೊಳ್ಳಲು ಬರುವುದಿಲ್ಲವಂತೆ ನನಗೆ!

ಎರಡನೆಯ ಕೋಣೆಯಲ್ಲಿ ಮೂರು ಗೋಡೆಗೂ ಬೆಳಕಿನ ಜೊಂಡು. ಒಳಗೆ ಹೋದವರು ಅಲುಗಾಡದೆ ನಲವತ್ತು ಎಣಿಸುವಷ್ಟು ಹೊತ್ತು ನಿಂತರೆ ಜೊಂಡಿನ ನಡುವಿನಿಂದ ಒಂದು ಕೊಕ್ಕರೆ ನಡೆದು ಬರುತ್ತದೆ. ಅಲುಗಿದರೆ ಇಲ್ಲ. ನಾನು ಒಳಹೊಕ್ಕು, ಈ ಏರ್ಪಾಡಿನ ಹಿಂದಿರುವ ವಂಚನೆಯನ್ನು ವೈರಕ್ಕನಿಗೆ ವಿವರಿಸತೊಡಗಿದೆ. ಕಾಲು ಗಂಟೆಯಾದರೂ ಕೊಕ್ಕರೆ ಬರಲಿಲ್ಲ.

“ನಿನ್ನ ಕೈ ನೋಡ್ಕೋ” ಎಂದರು ವೈರಕ್ಕ. ಬಲಗೈ ಗಾಳಿಯಲ್ಲಿ ವಾದ ಮಾಡುತ್ತಿತ್ತು. “ಮೂರು ವರ್ಷದಿಂದ ಈ ಪಕ್ಷಿ ಜೊತೆ ಊರೂರು ತಿರುಗ್ತಿದೀನಿ. ಇಷ್ಟು ಹೊತ್ತು ಒಳಗಿದ್ದೂ ಅದನ್ನ ನೋಡದೇ ಇರೋಳು ನೀನೇ ಮೊದಲು.”

ಯಂತ್ರದ ಕೊಕ್ಕರೆ ಬಂದರೆಷ್ಟು ಬಿಟ್ಟರೆಷ್ಟು.

ಮಾರ್ಚ್ 11, ಮಂಗಳವಾರ

ಬರಲಿಲ್ಲ. ಇಪ್ಪತ್ತೆರಡರವರೆಗೆ ಎಣಿಸಿದ್ದೆ, ಮೂಗು ತುರಿಸಿತು.

ಮಾರ್ಚ್ 14, ಶುಕ್ರವಾರ

ಸಿಕ್ಕಿತು! ಶತ್ರುವೇ ನನ್ನ ಕೈಗೆ ಆಯುಧ ಕೊಟ್ಟಿದ್ದಾನೆ.

ಮೂರನೆಯ ಕೋಣೆ ಪ್ರತಿ ಊರಿನಲ್ಲೂ ಬದಲಾಗುತ್ತದೆ. ಆಯಾ ಊರಿನ ಅಧಿಕೃತ ನಕ್ಷೆಯನ್ನು ಪುರಸಭೆಯಿಂದ ಪಡೆದು ಇಡೀ ನೆಲದ ಮೇಲೆ ಬೆಳಕಿನಲ್ಲಿ ಹಾಸುತ್ತಾರೆ. ನಕ್ಷೆಯಲ್ಲಿ ನೀರು ಎಂದಿದ್ದಲ್ಲಿ ನೀರು ಹರಿಯುತ್ತದೆ, ಮರ ಎಂದಿದ್ದಲ್ಲಿ ಮರ ಚಿಗುರುತ್ತದೆ. ಇಂದು ಮೊದಲ ಸಲ ನಮ್ಮ ಊರನ್ನು ಹಾಸಿದರು. ಬಂದವರೆಲ್ಲ ಬಗ್ಗಿ ಬಗ್ಗಿ ತಮ್ಮ ಮನೆ ಹುಡುಕಿದರು. ನಮ್ಮ ಬೀದಿಯ ಅಂಚೆಯವನು ತನ್ನ ಮನೆಯ ಮೇಲೆ ತಾನೇ ನಿಂತು, “ನೋಡಿ, ಛಾವಣಿ ಏನೂ ಸೋರ್ತಿಲ್ಲ” ಎಂದು ಎಲ್ಲರನ್ನೂ ನಗಿಸಿದ.

ಗಿರಣಿಯ ಹಿಂದೆ ಮಾತ್ರ ಬಿಳಿ ತೇಪೆ. ನೀರಿಲ್ಲ, ಹುಲ್ಲಿಲ್ಲ, ಏನೂ ಇಲ್ಲ. ಗೋಡೆಯಾಚೆಯಿಂದ ಕಪ್ಪೆಗಳ ಸದ್ದು ಕೇಳುತ್ತಿದೆ, ಇಲ್ಲಿ ಬಿಳಿ ನೆಲ!

“ನಕ್ಷೆಯಲ್ಲಿ ಇಲ್ಲದ್ದನ್ನ ನನ್ನ ಯಂತ್ರ ತೋರ್ಸಲ್ಲ” ಎಂದರು ವೈರಕ್ಕ.

“ಹಾಗಾದರೆ ಯಾರೋ ಅಳಿಸಿದ್ದಾರೆ.”

“ಅಥವಾ ಯಾರೋ ಬರೆದಿಲ್ಲ.”

ಬರೆಯದೇ ಬಿಡುವುದೂ ಅಳಿಸಿದಂತೆಯೇ ಎಂದೆ.

ಮಾರ್ಚ್ 15, ಶನಿವಾರ

ಒಂದೇ ಉಸಿರಿಗೆ ಬರೆದು ಮುಗಿಸಿದೆ. ಶೀರ್ಷಿಕೆ: ‘ಜೌಗನ್ನು ಅಳಿಸಿದ ಕೈ ಯಾವುದು?’ ಪುರಸಭೆಯ ನಕ್ಷೆ ವಿಭಾಗದಲ್ಲಿ ದಶಕಗಳ ಹಿಂದೆಯೇ ಒಂದು ಒಳಸಂಚು ನಡೆದಿದೆ. ಲಾಭಕೋರರ ಅಣತಿಯಂತೆ ಒಂದು ಕೈ ಜೌಗನ್ನು ನಕ್ಷೆಯಿಂದ ಒರೆಸಿಹಾಕಿದೆ. ಆ ಕೈಯನ್ನು ಬೆಳಕಿಗೆ ಎಳೆಯಬೇಕು! ಎಂಟು ಪುಟ. ಎಂಟುನೂರು ಪ್ರತಿ.

ಊಟಕ್ಕೆ ಕುಳಿತಾಗ ಅಪ್ಪನಿಗೆ ಓದಿ ಹೇಳಿದೆ. ಅವರ ವಿಭಾಗ ತಾನೆ, ಒಳಗಿನ ಸುದ್ದಿ ಏನಾದರೂ ಸಿಕ್ಕೀತು ಎಂಬ ಆಸೆ. ಅಪ್ಪ ತಟ್ಟೆಯಲ್ಲೇ ಕೈಬಿಟ್ಟು ಕುಳಿತರು.

“ಒಂದೇ ಕೈ ಅಂತ ಹೇಗೆ ಗೊತ್ತು?” ಎಂದರು.

“ಎರಡಿದ್ದರೆ ಎರಡನ್ನೂ ಎಳೆಯುತ್ತೇನೆ.”

“ಎಳೀತಾಳೆ, ಎಳೀತಾಳೆ. ಮೊದಲು ನಿನ್ನ ತಟ್ಟೆ ಎಳ್ಕೊಂಡು ಊಟ ಮಾಡೇ ಮಹಾತಾಯಿ” ಎಂದರು ಅತ್ತೆ.

ಅಪ್ಪ ಅರ್ಧ ಊಟಕ್ಕೇ ಎದ್ದರು. ಹೇಡಿತನ ಮನೆಯೊಳಗೇ ಇರುವಾಗ ಹೊರಗಿನವರಿಗೆ ಏನು ಹೇಳುವುದು!

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಪುರಸಭೆಯ ಮೆಟ್ಟಿಲ ಮೇಲೆ ನಿಂತು ಹಂಚಿದೆ. ತೊಂಬತ್ತು ಪ್ರತಿ ಹೋದವು! ಸಂಚು ಎಂದರೆ ಜನ ಕೈ ಚಾಚುತ್ತಾರೆ, ಜೊಂಡು ಎಂದರೆ ಚಾಚುವುದಿಲ್ಲ.

ಮಾರ್ಚ್ 18, ಮಂಗಳವಾರ

ಮಧ್ಯಾಹ್ನ ಅಪ್ಪ ಪ್ರದರ್ಶನಕ್ಕೆ ಬಂದರು. ನನಗೆ ಹೇಳಿರಲಿಲ್ಲ. ಕಾಡಿನ ಕೋಣೆಯಲ್ಲಿ ನಿಲ್ಲಲಿಲ್ಲ. ಸೀದಾ ಮೂರನೆಯ ಕೋಣೆಗೆ ಹೋದರು. ಅಲ್ಲಿ ಯಾರೂ ಮಾಡದ ಒಂದು ಕೆಲಸ ಮಾಡಿದರು. ಮನೆ ಹುಡುಕಲಿಲ್ಲ. ನೆಲದ ನಕ್ಷೆಯಲ್ಲಿ ಗಿರಣಿಯನ್ನು ದಾಟಿ ಆ ಬಿಳಿ ತೇಪೆಯ ಸುತ್ತ ನಡೆಯತೊಡಗಿದರು. ನೇರವಾಗಿ ಅಲ್ಲ, ಅಂಕುಡೊಂಕಾಗಿ. ಇಲ್ಲದ ಏನನ್ನೋ ತುಳಿಯಬಾರದೆಂಬಂತೆ. ಒಂದು ಕಡೆ ಹೆಜ್ಜೆ ಒಳಗಿಟ್ಟು ಮತ್ತೆ ಹೊರಗೆ ತೆಗೆದರು.

ಎರಡು ಸುತ್ತು ಮುಗಿಸಿ, ನನ್ನತ್ತ ನೋಡದೆ ಹೊರಟುಹೋದರು.

“ಯಾರವರು?” ವೈರಕ್ಕ ಕೇಳಿದರು.

“ನಮ್ಮಪ್ಪ.”

“ಅವರಿಗೆ ಆ ಜಾಗ ಗೊತ್ತು.”

ಮಾರ್ಚ್ 19, ಬುಧವಾರ

ಆ ಕೈ ಅಪ್ಪನದು.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ಷೂಗೆ ಪಾಲಿಷ್ ಹಾಕುತ್ತ, ತಲೆಯೆತ್ತದೆ ಹೇಳಿದರು. ಅವರ ಮಾತನ್ನು ಹೇಗಿತ್ತೋ ಹಾಗೇ ಬರೆದಿಡುತ್ತೇನೆ.

“ನಕ್ಷೆಗಾರರಲ್ಲಿ ಒಂದು ಪದ್ಧತಿ ಇದೆ. ಯಾವುದು ಸರಿಯೋದಿಲ್ವೋ ಅದಕ್ಕೆ ಇಂಕು. ರಸ್ತೆ, ಗೋಡೆ, ಬಾವಿ. ಯಾವುದು ಇನ್ನೂ ಗಟ್ಟಿಯಾಗಿಲ್ವೋ ಅದಕ್ಕೆ ತಿಳಿನೀಲಿ ಪೆನ್ಸಿಲ್. ಪ್ರತಿ ತೆಗೆಯೋ ಯಂತ್ರಕ್ಕೆ ಆ ನೀಲಿ ಕಾಣಲ್ಲ, ಅದಕ್ಕೇ ಅದನ್ನ ಬಳಸೋದು. ಕೆಲಸಕ್ಕೆ ಸೇರಿದ ಹೊಸತು. ಊರಿನ ದೊಡ್ಡ ನಕ್ಷೆ ಬರೆಯೋಕೆ ಕೊಟ್ಟರು. ಜೌಗಿನ ಅಂಚಿಗೆ ಹೋದೆ. ಈ ವಾರ ಇಲ್ಲಿದ್ರೆ ಮುಂದಿನ ವಾರ ಅಲ್ಲಿ. ಸರಿಯೋ ಅಂಚಿಗೆ ಇಂಕ್ ಹಾಕೋದು ಹೇಗೆ? ಸುಳ್ಳಾಗುತ್ತಲ್ವಾ? ನೀಲೀಲೇ ಬಿಟ್ಟೆ. ಪ್ರತಿ ತೆಗೆದಾಗ ಜೌಗು ಮಾಯ.”

“ಆಗಲೇ ಹೇಳಬಹುದಿತ್ತಲ್ಲ?”

“ಮೇಲಿನವರಿಗೆ ಹೇಳ್ದೆ. ‘ಅಚ್ಚಾಗಿದೆ, ಬಿಡಿ, ಕಪ್ಪೆಗಳೇನು ಅರ್ಜಿ ಹಾಕ್ತಾವಾ’ ಅಂದ್ರು. ಬಿಟ್ಟೆ. ಆಮೇಲೆ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.”

ಇಪ್ಪತ್ತೊಂಬತ್ತು ವರ್ಷ.

ಮಾರ್ಚ್ 20, ಗುರುವಾರ

ಸಂಚು ಇಲ್ಲ. ಲಾಭಕೋರರೂ ಇಲ್ಲ. ಒಂದು ಪೆನ್ಸಿಲ್ಲು.

ಮಾರ್ಚ್ 22, ಶನಿವಾರ

ಮೂರು ದಿನ ಅಪ್ಪನ ಜೊತೆ ಮಾತಾಡಿರಲಿಲ್ಲ. ಮಂಚದ ಕೆಳಗೆ ಏಳುನೂರ ಹತ್ತು ಪ್ರತಿಗಳಿವೆ. ಮಲಗಿದರೆ ಬೆನ್ನಿಗೆ ಒತ್ತಿದಂತಾಗುತ್ತದೆ.

ಇಂದು ಅಪ್ಪನೇ ಬಂದು ಮಂಚದ ತುದಿಯಲ್ಲಿ ಕುಳಿತರು. “ಮಿಕ್ಕಿದ್ದೂ ಹಂಚು. ಯಾವ ಕೈ ಅಂತ ಬರೆ. ಬೇಕಾದ್ರೆ ನಾನೇ ಸಹಿ ಹಾಕ್ತೀನಿ. ಸಭೆಗೆ ಇನ್ನು ಆರು ದಿನ ಇದೆ.”

ಹಿಂದಿನ ವಾರವಾಗಿದ್ದರೆ ಕುಣಿಯುತ್ತಿದ್ದೆ. ತಪ್ಪಿತಸ್ಥ ತಾನಾಗಿ ಒಪ್ಪಿಕೊಂಡಿದ್ದಾನೆ! ಆದರೆ ‘ಲಾಭಕೋರರ ಅಣತಿಯಂತೆ’ ಎಂಬ ಮಾತು ಎಂಟು ಪುಟದಲ್ಲಿ ಐದು ಕಡೆ ಇದೆ. ಅದು ನಿಜವಲ್ಲ. ನಿಜವಲ್ಲದ್ದನ್ನು ಹಂಚಿ ಜೌಗು ಉಳಿಸಬಹುದೇ ಎಂದು ಬಹಳ ಹೊತ್ತು ಯೋಚಿಸಿದೆ. ನನ್ನ ಪೆಟ್ಟಿಗೆಯ ಕರಪತ್ರಗಳಲ್ಲಿ ಇದಕ್ಕೆ ಉತ್ತರವಿಲ್ಲ.

“ಮೂಲ ಹಾಳೆ ಇದೆಯಾ?” ಎಂದು ಕೇಳಿದೆ.

“ಇದೆ. ಹದಿನಾಲ್ಕನೇ ಹಾಳೆ. ನನ್ನ ಡ್ರಾಯರಿನಲ್ಲಿ. ಆದ್ರೆ ಅದರಲ್ಲಿ ಈಗ ಇರೋದು ಒಂದೇ ಗೆರೆ ಅಲ್ಲ” ಎಂದರು.

ಪ್ರತಿ ಮಾರ್ಚಿನಲ್ಲೂ, ಭಾನುವಾರಗಳಂದು, ಜೌಗಿನ ಅಂಚನ್ನು ಅಳೆದು ಅದೇ ಹಾಳೆಯ ಮೇಲೆ ಅದೇ ನೀಲಿಯಲ್ಲಿ ಆ ವರ್ಷದ ಗೆರೆ ಎಳೆದಿದ್ದಾರೆ. ಇಪ್ಪತ್ತೊಂಬತ್ತು ಗೆರೆ. ಯಾರೂ ಕೇಳದಿದ್ದರೂ.

ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಅಯ್ಯೋ ನಿನ್ನ! ಆ ಒದ್ದೆ ಷೂಗೆ ಇದೇನಾ ಕಾರಣ? ಇಷ್ಟು ವರ್ಷ ಬೈದಿದ್ದೆಲ್ಲ ದಂಡ ಆಯ್ತಲ್ಲೋ!”

ಕರಪತ್ರಗಳನ್ನು ಅತ್ತೆಗೆ ಕೊಟ್ಟೆ. ತೋಳಿನ ಅಳತೆಗೆ ಆಗುತ್ತದಂತೆ.

ಮಾರ್ಚ್ 24, ಸೋಮವಾರ

ಹಾಳೆಯನ್ನು ಸುರುಳಿ ಸುತ್ತಿ ಚೀಲದಲ್ಲಿ ತಂದುಬಿಡಿ ಎಂದೆ. ಅಪ್ಪ ಒಪ್ಪಲಿಲ್ಲ. ‘ನಕ್ಷೆಯಲ್ಲಿನ ನನ್ನ ಲೋಪದ ತಿದ್ದುಪಡಿ ಬಗ್ಗೆ’ ಎಂದು ಅರ್ಜಿ ಬರೆದು, ಮುದ್ರೆ ಹಾಕಿಸಿ, ಅಧ್ಯಕ್ಷರ ಮುಂದೆ ಇಟ್ಟರು. ಇಂಥ ಹೊತ್ತಿನಲ್ಲೂ ಮುದ್ರೆ! ನಾನು ಹಲ್ಲು ಕಡಿಯುತ್ತ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಬಾಗಿಲು ಅರ್ಧ ತೆರೆದಿತ್ತು.

ಅಧ್ಯಕ್ಷರದು ದೊಡ್ಡ ದನಿ. “ಏನ್ರೀ ಇದು? ಇನ್ನೆರಡು ವರ್ಷಕ್ಕೆ ನಿವೃತ್ತಿ. ಯಾಕ್ರೀ ಕೆದಕ್ತೀರಿ? ವಿಚಾರಣೆ ಆಗುತ್ತೆ, ಕೆಲಸಕ್ಕೇ ಕುತ್ತು ಬರಬಹುದು.”

“ಅದಕ್ಕೇ ಸಾರ್, ಈಗಲೇ ಹೇಳ್ತಿರೋದು. ನಾನು ಹೋದ್ಮೇಲೆ ಕೆದಕೋರು ಯಾರೂ ಇರಲ್ಲ.”

ಆಮೇಲೆ ಪೆನ್ನಿನ ಸದ್ದು. ಇಪ್ಪತ್ತೆಂಟರಂದು ಸಭೆಗೆ ಮೊದಲು ಸದಸ್ಯರೆಲ್ಲ ಪ್ರದರ್ಶನ ನೋಡಲು ಬರುವುದು ಮೊದಲೇ ನಿಗದಿಯಾಗಿತ್ತು. ಅಲ್ಲೇ ಈ ಹಾಳೆಯನ್ನೂ ತೋರಿಸಲು ಅನುಮತಿ ಸಿಕ್ಕಿತು. ಮುದ್ರೆ ಬಿದ್ದ ಅರ್ಜಿಯಾದ್ದರಿಂದ ಇನ್ನು ಅದನ್ನು ‘ಇಲ್ಲ’ ಎನ್ನಲು ಯಾರಿಗೂ ಆಗುವುದಿಲ್ಲ. ಅಪ್ಪ ಇದನ್ನು ಮೊದಲೇ ಯೋಚಿಸಿದ್ದರೆಂದು ಈಗ ಹೊಳೆಯುತ್ತಿದೆ.

ಅಪ್ಪ ಹೊರಬಂದು ಕೈಯಲ್ಲಿದ್ದುದನ್ನು ನನ್ನತ್ತ ಚಾಚಿದರು. ನಾನು ಹಿಡಿದುಕೊಂಡೆ. ಹಾಳೆಯ ಸುರುಳಿಯನ್ನು, ಮತ್ತೆ ಕೈಯನ್ನೂ.

ಮಾರ್ಚ್ 25, ಮಂಗಳವಾರ

ವೈರಕ್ಕ ಹಾಳೆಯನ್ನು ಯಂತ್ರದ ಗಾಜಿನ ಮೇಲೆ ಹಾಸಿ ಗುಂಡಿ ಒತ್ತಿದರು. ಪರದೆಯ ಮೇಲೆ ರಸ್ತೆ ಬಂತು, ಗೋಡೆ ಬಂತು, ಬಾವಿ ಬಂತು. ಜೌಗು ಬರಲಿಲ್ಲ!

ವೈರಕ್ಕ ಹಣೆ ಚಚ್ಚಿಕೊಂಡರು. “ಥೂ, ಕಪ್ಪುಬಿಳುಪಿನಲ್ಲಿಟ್ಟಿದ್ದೆ. ಅದೇ ತಪ್ಪನ್ನ ನಾನೂ ಮಾಡ್ತಿದ್ನಲ್ಲ!” ಬಣ್ಣಕ್ಕೆ ತಿರುಗಿಸಿ, ನೀಲಿಯನ್ನು ಏರಿಸುತ್ತ ಹೋದರು. ಮೊದಲು ಏನೂ ಇಲ್ಲ. ಆಮೇಲೆ ನರದಂತೆ ಒಂದು ಗೆರೆ. ಆಮೇಲೆ ಇನ್ನೊಂದು. ಒಂದರೊಳಗೊಂದು ಇಪ್ಪತ್ತೊಂಬತ್ತು ಗೆರೆಗಳು, ಪ್ರತಿಯೊಂದರ ಪಕ್ಕದಲ್ಲೂ ಎಳ್ಳಿನಷ್ಟು ಸಣ್ಣ ಅಂಕಿಯಲ್ಲಿ ವರ್ಷ.

ವೈರಕ್ಕ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿದರು. ಕೊನೆಗೆ, “ಯಜಮಾನ್ರೇ, ನಾವು ಆರು ಲಾರಿ ತುಂಬ ತಂದಿರೋದು ನೀವು ಒಂದು ಹಾಳೆಯಲ್ಲಿಟ್ಟಿದೀರಿ” ಎಂದರು.

ಇವತ್ತು ಕೊಕ್ಕರೆ ಬಂತು. ಬರೆಯಲು ಮರೆತೇಬಿಡುತ್ತಿದ್ದೆ. ಕೋಣೆ ಗುಡಿಸಲು ಹೋದವಳು ಪೊರಕೆ ಹಿಡಿದು ಏನೋ ಯೋಚಿಸುತ್ತ ನಿಂತಿದ್ದೆ. ಪಕ್ಕದಲ್ಲೇ ಬಂದು ನಿಂತಿತ್ತು.

ಮಾರ್ಚ್ 28, ಶುಕ್ರವಾರ

ಗೆದ್ದೆವು! ಮೊದಲಿನಿಂದ ಬರೆಯುತ್ತೇನೆ.

ಹತ್ತು ಗಂಟೆಗೆ ಹದಿನೇಳು ಸದಸ್ಯರೂ ಬಂದರು. ಹನ್ನೆರಡು ವಾದಗಳು ನನ್ನ ಚೀಲದಲ್ಲಿದ್ದವು. ಅವಕಾಶ ಸಿಕ್ಕರೆ ಓದುವುದೆಂದು ಗುರುತು ಹಾಕಿಕೊಂಡಿದ್ದೆ. ಅಪ್ಪ ಮೂರನೆಯ ಕೋಣೆಯ ಮೂಲೆಯಲ್ಲಿ, ಪಾಲಿಷ್ ಹಾಕಿದ ಷೂಗಳಲ್ಲಿ, ಶಿಕ್ಷೆಗೆ ನಿಂತ ವಿದ್ಯಾರ್ಥಿಯಂತೆ ನಿಂತಿದ್ದರು. ಅತ್ತೆಯೂ ಬಂದಿದ್ದರು, ಯಾರೂ ಕರೆದಿರಲಿಲ್ಲ.

ಸದಸ್ಯರು ಎಂದಿನಂತೆ ತಮ್ಮ ತಮ್ಮ ಮನೆ ಹುಡುಕಿದರು. ನೂಕುನುಗ್ಗಲಾಯಿತು. ವೈರಕ್ಕ ಅತಿ ವಿನಯದಿಂದ, “ಅಧ್ಯಕ್ಷರೇ, ಸ್ವಲ್ಪ ಈ ಕಡೆ ಬನ್ನಿ. ಇದು ಖಾಲಿ ಜಾಗ, ಆರಾಮಾಗಿ ನಿಲ್ಲಬಹುದು” ಎಂದರು. ಅಧ್ಯಕ್ಷರು ಬಿಳಿ ತೇಪೆಯ ನಟ್ಟನಡುವೆ ಹೋಗಿ ನಿಂತರು. ನಾಲ್ಕಾರು ಜನ ಹಿಂಬಾಲಿಸಿದರು.

ದೀಪ ಮಂದವಾಯಿತು. ಬಿಳಿ ನೆಲದ ಮೇಲೆ ಒಂದು ನೀಲಿ ಗೆರೆ ತಾನಾಗಿ ಬರೆದುಕೊಳ್ಳುತ್ತ ಬಂತು, ಪಕ್ಕದಲ್ಲಿ ಮೊದಲ ವರ್ಷದ ಅಂಕಿ. ಗೆರೆಯೊಳಗೆ ನೀರು ತುಂಬಿತು. ಗೆರೆ ಸರಿಯಿತು: ಮರುವರ್ಷ. ನೀರು ಕುಗ್ಗಿತು. ಮತ್ತೆ ಹಿಗ್ಗಿತು. ವರ್ಷದ ಮೇಲೆ ವರ್ಷ, ಜೌಗು ಮಲಗಿದ ಪ್ರಾಣಿಯ ಹೊಟ್ಟೆಯಂತೆ ಉಸಿರಾಡತೊಡಗಿತು. ಅಧ್ಯಕ್ಷರು ತಾವು ನಿಂತಿರುವುದು ಬೆಳಕಿನ ಮೇಲೆ ಎಂಬುದನ್ನು ಮರೆತು ಪ್ಯಾಂಟಿನ ಅಂಚು ಎತ್ತಿ ಹಿಡಿದರು! ಯಾರೂ ನಗಲಿಲ್ಲ. ಯಾರ ಕೈಗಳೂ ಅಲುಗಲಿಲ್ಲ.

ಹನ್ನೊಂದನೆಯ ಗೆರೆ ಬಂದಾಗ ನೀರು ಉಳಿದೆಲ್ಲ ಗೆರೆಗಳನ್ನು ಮೀರಿ ಗಿರಣಿಯ ಗೋಡೆಯವರೆಗೂ ಉಕ್ಕಿತು. ಗಿರಣಿ ಬೀದಿಯ ಸದಸ್ಯೆ, ವಯಸ್ಸಾದವರು, ಅಂಕಿ ಓದಲು ಬಗ್ಗಿದರು.

“ಈ ವರ್ಷ… ಮಾರ್ಚಿನಲ್ಲೇ ಮೇಲಿನ ಕೆರೆ ಕಟ್ಟೆ ಒಡೀತಲ್ಲ, ಅದೇ ವರ್ಷ ಅಲ್ವಾ? ಪಕ್ಕದೂರೆಲ್ಲ ಮುಳುಗಿತ್ತು. ನಮ್ಮ ಬೀದಿಗೆ ಒಂದು ಹನಿ ಬರಲಿಲ್ಲ. ನಮ್ಮ ಪುಣ್ಯ ಅಂದ್ಕೊಂಡಿದ್ವಿ.” ಅವರು ನೆಲ ನೋಡುತ್ತಲೇ ಇದ್ದರು. “ನೀರು ಇಲ್ಲಿತ್ತಾ?”

“ಇಲ್ಲಿತ್ತು” ಎಂದರು ಅಪ್ಪ.

ಎಲ್ಲರೂ ತಿರುಗಿದರು. ಅಪ್ಪ ಒಂದು ಹೆಜ್ಜೆ ಮುಂದೆ ಬಂದರು. ನನ್ನ ಕೈ ಚೀಲದೊಳಗೆ ವಾದಗಳ ಮೇಲಿತ್ತು. ತೆಗೆಯಲಿಲ್ಲ. ಅಪ್ಪನ ದನಿ ಎದುರು ಮೂಲೆಯವರೆಗೆ ಮುಟ್ಟಲೆಂದು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದೆ.

“ಈ ಗೆರೆ ನಂದು. ನಕ್ಷೆಯಲ್ಲಿ ಬರದೇ ಹೋದದ್ದೂ ನನ್ನಿಂದಲೇ. ಅರ್ಜಿ ಕೊಟ್ಟಿದೀನಿ, ಶಿಕ್ಷೆ ಏನಿದ್ರೂ ನಂಗೆ. ಆದ್ರೆ ಅದು ಖಾಲಿ ಜಾಗ ಅಲ್ಲ. ಒಂದು ವರ್ಷವೂ ಖಾಲಿ ಇರಲಿಲ್ಲ.”

“ಹಾಗಾದ್ರೆ ಲಾರಿ ನಿಲ್ದಾಣ?” ಹಿಂದಿನಿಂದ ಯಾರೋ ಕೇಳಿದರು.

“ಕಟ್ಟಬಹುದು ಸಾರ್. ವರ್ಷದಲ್ಲಿ ಏಳು ತಿಂಗಳು ತೇಲುತ್ತೆ.”

ಅಪ್ಪ ಹಾಸ್ಯಕ್ಕೆ ಹೇಳಿದ್ದಲ್ಲ. ಅವರ ಲೆಕ್ಕಾಚಾರವೇ ಹಾಗೆ. ಆದರೆ ಮೊದಲು ಅಧ್ಯಕ್ಷರು ನಕ್ಕರು, ಆಮೇಲೆ ಇಡೀ ಕೋಣೆ. ಅತ್ತೆಯ ನಗು ಎಲ್ಲಕ್ಕಿಂತ ಮೇಲೆ ಕೇಳಿಸಿತು.

ಹನ್ನೆರಡಕ್ಕೆ ಸಭೆ. ಸಾರ್ವಜನಿಕರ ಬೆಂಚಿನಲ್ಲಿ ನಾವು ಮೂವರು. ನಿಲ್ದಾಣ ಕೈಬಿಟ್ಟು, ಹದಿನಾಲ್ಕನೆಯ ಹಾಳೆಯನ್ನು ಜೌಗು ಎಂದು ತಿದ್ದಿ ಅಚ್ಚು ಹಾಕಬೇಕೆಂದು ಗಿರಣಿ ಬೀದಿಯ ಸದಸ್ಯೆಯೇ ಸೂಚಿಸಿದರು. ಹದಿನಾಲ್ಕು ಕೈಗಳು ಮೇಲೆದ್ದವು. ನಾನು ಎರಡು ಸಲ ಎಣಿಸಿದೆ. ಅತ್ತೆ ಕೂಡ ಕೈಯೆತ್ತಿದ್ದರು. ಗುಮಾಸ್ತರು, “ಅಮ್ಮಾ, ನೀವು ಸದಸ್ಯರಲ್ಲ” ಎಂದಾಗ, “ಗೊತ್ತು ಕಣಪ್ಪ, ಕೈ ಜೋಮು ಹಿಡಿದಿತ್ತು” ಎಂದರು.

ಅಪ್ಪನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ‘ಇಪ್ಪತ್ತೊಂಬತ್ತು ವರ್ಷ ಮೌನ ವಹಿಸಿದ್ದಕ್ಕೆ.’ ಕೆಳಗೆ ಅಧ್ಯಕ್ಷರು ಕೈಬರಹದಲ್ಲಿ ಸೇರಿಸಿದ್ದಾರೆ: ‘ಮತ್ತು ಇಪ್ಪತ್ತೊಂಬತ್ತು ವರ್ಷ ಅಳತೆ ಬಿಡದಿದ್ದಕ್ಕೆ ವಂದನೆ.’

ಅಪ್ಪ ಅದನ್ನು ನಾಲ್ಕು ಸಲ ಓದಿದರು.

ಮಾರ್ಚ್ 29, ಶನಿವಾರ

ಉಸಿರಾಡುವ ಜೌಗನ್ನು ವೈರಕ್ಕ ಮುಂದಿನ ಊರುಗಳಿಗೂ ಒಯ್ಯುತ್ತಾರಂತೆ. ಪಕ್ಕದ ಗೋಡೆಗೆ ಬರಹ ಬೇಕು ಎಂದರು. “ಹದಿನಾರು ಪುಟ ಬರೆದವಳು, ನಿಂಗೇನು ಕಷ್ಟ?”

ಇಡೀ ಬೆಳಿಗ್ಗೆ ಹಿಡಿಯಿತು. ಬರೆದದ್ದು ಇಷ್ಟು: ‘ಈ ಅಂಚು ಪ್ರತಿ ವರ್ಷ ಸರಿಯುತ್ತದೆ. ನಿಮ್ಮೂರಿನಲ್ಲಿ ಇಂಥದ್ದು ಎಲ್ಲಿದೆ, ಹೋಗಿ ನೋಡಿ.’

ಹೊಸ ಅಚ್ಚಿನಲ್ಲಿ ಜೌಗಿಗೆ ದಪ್ಪ ಇಂಕಿನ ಗೆರೆ ಹಾಕಿ ಎಂದು ಅಪ್ಪನಿಗೆ ಹೇಳಿದೆ. ಆಗುವುದಿಲ್ಲ, ಚುಕ್ಕೆಗೆರೆ ಎಂದರು. ಎಲ್ಲರಿಗೂ ಕಾಣುವ ಚುಕ್ಕೆಗೆರೆ. ಜಗಳವಾಡಿದೆ. ಅವರು ಹೇಳಿದ್ದೇ ಸರಿ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಅಪ್ಪನ ಜೊತೆ ಜೌಗಿಗೆ ಹೋದೆ. ಅಳತೆಪಟ್ಟಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅಂಚು ಎಂದರೆ ನೀರು ಮುಗಿಯುವ ಜಾಗ ಎಂದುಕೊಂಡಿದ್ದೆ. ಅಲ್ಲವಂತೆ. ಹೆಜ್ಜೆ ಇಟ್ಟರೆ ಗುರುತಿನಲ್ಲಿ ನೀರು ಜಿನುಗುವುದು ಎಲ್ಲಿ ನಿಲ್ಲುತ್ತದೋ ಅದು ಅಂಚು. ಗಟ್ಟಿ ಎಂದು ಕಂಡಲ್ಲೆಲ್ಲ ಕಾಲಿಟ್ಟು ನೋಡಬೇಕು. ಗಿರಣಿಯ ಗೋಡೆಯಿಂದ ಮೂವತ್ತೆರಡು ಮೀಟರಿಗೆ ಮೊದಲ ಗೂಟ. ಒಟ್ಟು ಹತ್ತೊಂಬತ್ತು ಗೂಟ. ಐದನೆಯ ಗೂಟದ ಬಳಿ ನಿಜವಾದ ಕೊಕ್ಕರೆ ಒಂದಿತ್ತು. ನಾವು ಪಟ್ಟಿಯನ್ನು ನೀರಿಗೆ ತಾಗಿಸದೆ ಎತ್ತಿ ಹಿಡಿದು ಸುಮ್ಮನೆ ನಿಂತೆವು. ಅದು ತನ್ನ ಕೆಲಸ ಮುಗಿಸಿಕೊಂಡು ನಿಧಾನವಾಗಿ ದಾಟಿಹೋಯಿತು.

ಮನೆಗೆ ಬಂದಾಗ ಬಾಗಿಲಲ್ಲಿ ಎರಡು ಜೊತೆ ಒದ್ದೆ ಷೂ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಒಂದಿತ್ತು, ಈಗ ಎರಡಾಯ್ತು. ಮುಂದಿನ ಮಾರ್ಚಿಗೆ ನಾನೂ ಬರ್ತೀನಿ. ಬೈಯೋಕೆ ಯಾರೂ ಉಳೀಬಾರದು.”

ನಾಳೆ ಮೂವತ್ತನೆಯ ಗೆರೆ ಎಳೆಯುವುದು ನಾನಂತೆ. ಅಪ್ಪ ತಮ್ಮ ನೀಲಿ ಪೆನ್ಸಿಲ್ಲನ್ನು ಚೂಪು ಮಾಡಿ ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದಾರೆ. ಬೆರಳುದ್ದವೂ ಉಳಿದಿಲ್ಲ. ಗೆರೆ ಎಳೆಯುವಾಗ ಕೈ ದಣಿದಿರಬಾರದು ಎಂದಿದ್ದಾರೆ. ಅದಕ್ಕೇ ಇವತ್ತಿಗೆ ಬರೆಯುವುದು ಸಾಕು.